ದಿನಸಿ ಎಲ್ಲಿ ಕೊಳ್ಳೋಣ: ಸೂಪರ್‌ಮಾರ್ಕೆಟ್ಟೋ, ಶೆಟ್ಟರ ಅಂಗಡಿಯೋ, ಆ್ಯಪೋ, ತರಗುಪೇಟೆಯೋ?

ಕಳೆದ ದೀಪಾವಳಿಗೆ ಮುಂಚಿನ ಶನಿವಾರ, ಸಂಜೆ ಏಳೂವರೆ. ಬೆಂಗಳೂರಿನ ನಮ್ಮ ಬಡಾವಣೆಯ ಸೂಪರ್‌ಮಾರ್ಕೆಟ್‌ನಲ್ಲಿ ಬಿಲ್ಲಿಂಗ್ ಕೌಂಟರ್ ಆರು ಇವೆ, ಅಂದು ತೆರೆದಿದ್ದು ಎರಡೇ. ಕ್ಯೂ ಎಣ್ಣೆ ಕ್ಯಾನುಗಳನ್ನು ದಾಟಿ ಸೋಪಿನ ಕಪಾಟಿನ ತನಕ ಬೆಳೆದಿತ್ತು. ನನ್ನ ಮುಂದೆ ಒಬ್ಬರು ಅಜ್ಜಿ ಒಂದೇ ಒಂದು ಅವಲಕ್ಕಿ ಪ್ಯಾಕೆಟ್ ಹಿಡಿದುಕೊಂಡು ಇಪ್ಪತ್ತು ನಿಮಿಷದಿಂದ ನಿಂತಿದ್ದರು. ನನ್ನ ಸರದಿ ಬಂದಾಗ ತೊಗರಿಬೇಳೆಗೆ 168 ರೂಪಾಯಿ ಬಿತ್ತು. ಕಪಾಟಿನ ಚೀಟಿಯಲ್ಲಿ ನೋಡಿದ್ದು 149. "ಆಫರ್ ನಿನ್ನೆಗೇ ಮುಗೀತು ಮೇಡಂ, ಚೀಟಿ ತೆಗ್ದಿಲ್ಲ ಅಷ್ಟೇ" ಎಂದ ಕೌಂಟರಿನ ಹುಡುಗ. ಹಿಂದೆ ಹನ್ನೆರಡು ಜನ ನಿಂತಿರುವಾಗ ಹತ್ತೊಂಬತ್ತು ರೂಪಾಯಿಗೆ ಯಾರು ಜಗಳ ಆಡುತ್ತಾರೆ? ದುಡ್ಡು ಕೊಟ್ಟು ಬಂದೆ. ಮನೆಯಲ್ಲಿ ಚಿರೋಟಿ ರವೆ ಜರಡಿಗೆ ಸುರಿದರೆ ಜೇಡರ ಬಲೆಯ ಹಾಗೆ ನೂಲು ನೂಲಾಗಿ ಗಂಟು ಕಟ್ಟಿಕೊಂಡಿತ್ತು, ಒಳಗೆ ಹುಳ. ಮಾರನೆಯ ದಿನ ವಾಪಸ್ ಒಯ್ದರೆ ಗೋಡೆಯ ಬೋರ್ಡಿನ ಕಡೆ ಕೈ ತೋರಿಸಿದರು: "ಮಾರಿದ ಸರಕು ವಾಪಸ್ ಪಡೆಯುವುದಿಲ್ಲ."

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಚೀಟಿ ಬದಲಿಸಲು ಆಳಿಲ್ಲ, ಬಿಲ್ ಹಾಕಲು ಆಳಿಲ್ಲ, ಬಂದ ಬೈಗುಳವೆಲ್ಲ ಅವನ ಪಾಲಿಗೆ. ಸಿಟ್ಟು ಬರುವುದು ಅಂಗಡಿ ನಡೆಸುವ ರೀತಿಯ ಮೇಲೆ. ಆದರೆ ಸಿಟ್ಟು ಮಾಡಿಕೊಂಡು ಒಂದು ಅಂಗಡಿ ಬಿಟ್ಟು ಇನ್ನೊಂದಕ್ಕೆ ಹೋದರೆ ಅಲ್ಲಿ ಬೇರೆ ಥರದ ತೊಂದರೆ ಕಾದಿರುತ್ತದೆ. ಅದಕ್ಕೇ ಅಂದಿನಿಂದ ನಮ್ಮ ಮನೆಯ ಸಾಮಾನಿನ ಪಟ್ಟಿಯನ್ನೇ ಬೇರೆ ಬೇರೆ ಅಂಗಡಿಗೆ ಹಂಚಿಬಿಟ್ಟೆ. ಎಲ್ಲವನ್ನೂ ಒಂದೇ ಕಡೆ ಕೊಳ್ಳುವ ಅಭ್ಯಾಸ ಬಿಟ್ಟೆ. ಇಷ್ಟು ತಿಂಗಳು ಬಿಲ್ಲುಗಳನ್ನು ಎತ್ತಿಟ್ಟು ನೋಡಿದ ಮೇಲೆ ನನಗೆ ಮನದಟ್ಟಾದದ್ದು ಇಷ್ಟು: ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ, ಈ ಸಾಮಾನು ಈ ಅಂಗಡಿಯಲ್ಲಿ ಎಷ್ಟು ಬೇಗ ಖರ್ಚಾಗುತ್ತದೆ? ಬೇಗ ಖರ್ಚಾಗುವ ಕಡೆ ಸರಕು ಹೊಸದಿರುತ್ತದೆ, ಚೀಟಿ ಸರಿಯಿರುತ್ತದೆ, ಹುಳ ಬೀಳಲು ಪುರುಸೊತ್ತೇ ಇರುವುದಿಲ್ಲ.

ಅಂಗಡಿ ಹದಗೆಟ್ಟಿದ್ದರೆ ಎಲ್ಲಿ ಗೊತ್ತಾಗುತ್ತದೆ

ಹೊಸ ಅಂಗಡಿಗೆ ಕಾಲಿಟ್ಟಾಗ ನಾನು ಮೊದಲು ಹೋಗುವುದು ಫ್ರೀಜರ್ ಹತ್ತಿರ. ಹಸಿ ಬಟಾಣಿಯ ಪ್ಯಾಕೆಟ್ ಎತ್ತಿ ಅಲ್ಲಾಡಿಸಿ. ಕಾಳು ಬಿಡಿಬಿಡಿಯಾಗಿ ಸದ್ದು ಮಾಡಿದರೆ ಸರಿ. ಇಡೀ ಪ್ಯಾಕೆಟ್ ಒಂದೇ ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ಅದು ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದೆ. ಅಂದರೆ ಕರೆಂಟು ಹೋಗಿತ್ತು, ಅಥವಾ ರಾತ್ರಿ ಫ್ರೀಜರ್ ಆಫ್ ಮಾಡುತ್ತಾರೆ, ಅಥವಾ ಇಳಿಸಿದ ಮಾಲನ್ನು ಗಂಟೆಗಟ್ಟಲೆ ಹೊರಗೇ ಬಿಟ್ಟಿದ್ದರು. ಆ ಅಂಗಡಿಯಲ್ಲಿ ಪನೀರ್, ಬೆಣ್ಣೆ, ಐಸ್‌ಕ್ರೀಮ್ ಯಾವುದನ್ನೂ ನಾನು ಮುಟ್ಟುವುದಿಲ್ಲ.

ಎರಡನೆಯದು ಬ್ರೆಡ್ಡಿನ ಕಪಾಟು. ಹಳೆಯ ತಾರೀಖಿನದು ಮುಂದೆ, ಹೊಸದು ಹಿಂದೆ ಇರುವುದು ವ್ಯಾಪಾರದ ಪದ್ಧತಿ, ಅದರಲ್ಲಿ ತಪ್ಪಿಲ್ಲ. ಕೈ ಚಾಚಿ ಹಿಂದಿನದನ್ನು ತೆಗೆದುಕೊಂಡರಾಯಿತು. ಆದರೆ ನಾಲ್ಕು ತಾರೀಖಿನ ಬ್ರೆಡ್ ಒಂದರೊಳಗೊಂದು ಬೆರೆತಿದ್ದರೆ, ಅಲ್ಲಿ ಯಾರೂ ತಾರೀಖು ನೋಡುತ್ತಿಲ್ಲ ಎಂದೇ ಅರ್ಥ. ಬ್ರೆಡ್ ನೋಡದವರು ರವೆ ನೋಡುತ್ತಾರೆಯೇ? ಉಬ್ಬಿದ ಮೊಸರಿನ ಪ್ಯಾಕೆಟ್, ಚೀಟಿಯೇ ಇಲ್ಲದ ಕಪಾಟು, ದಾರಿಗೆ ಅಡ್ಡವಾಗಿ ಬಿಚ್ಚದೆ ಬಿದ್ದ ರಟ್ಟಿನ ಡಬ್ಬಗಳು, ಇವೆಲ್ಲ ಅದೇ ರೋಗದ ಲಕ್ಷಣ.

ಸೂಪರ್‌ಮಾರ್ಕೆಟ್‌ನಿಂದ ಏನು ತರಬೇಕು

ಇಷ್ಟೆಲ್ಲ ಹೇಳಿದ ಮೇಲೂ ಸೂಪರ್‌ಮಾರ್ಕೆಟ್ಟನ್ನು ನಾನು ಬಿಟ್ಟಿಲ್ಲ. ಸೋಪು, ಬಟ್ಟೆ ಪುಡಿ, ಫಿನೈಲ್, ಟೂತ್‌ಪೇಸ್ಟ್, ಕಾಫಿಪುಡಿ, ಅಡುಗೆ ಎಣ್ಣೆ – ಕಂಪನಿಯಲ್ಲೇ ಸೀಲಾಗಿ ಬರುವ, ಬೇಗ ಕೆಡದ ಸಾಮಾನಿಗೆ ಅದೇ ವಾಸಿ. ಎಂಆರ್‌ಪಿಗಿಂತ ಕಡಿಮೆಗೆ ಸಿಗುತ್ತದೆ, ನಾಲ್ಕು ಕಂಪನಿಯದನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಹೋಗುವ ಹೊತ್ತು ಮಾತ್ರ ಮುಖ್ಯ. ತಿಂಗಳ ಮೊದಲ ಶನಿವಾರ, ಭಾನುವಾರ ಸಂಜೆ ಹೋದರೆ ಅರ್ಧ ಆಯಸ್ಸು ಕ್ಯೂನಲ್ಲೇ ಕಳೆಯುತ್ತದೆ. ವಾರದ ನಡುವೆ ಬೆಳಿಗ್ಗೆ ಹತ್ತು ಗಂಟೆಗೆ ಹೋಗಿ ನೋಡಿ.

ಇಲ್ಲಿ ಮೋಸ ಹೋಗುವುದು ಪ್ಯಾಕೆಟ್ಟಿನ ಗಾತ್ರದಲ್ಲಿ. ಅಡುಗೆ ಎಣ್ಣೆಯನ್ನೇ ನೋಡಿ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ತೂಗಿದರೆ ಸುಮಾರು 910 ಗ್ರಾಂ. ಮುಂಚೆ ಎಲ್ಲ ಕಂಪನಿಯದೂ ಒಂದೇ ಲೀಟರ್ ಇರುತ್ತಿತ್ತು, ಕಣ್ಣು ಮುಚ್ಚಿಕೊಂಡು ಬೆಲೆ ಹೋಲಿಸಬಹುದಿತ್ತು. ಈಗ ಅದೇ ಎತ್ತರದ, ಅದೇ ಬಣ್ಣದ ಪ್ಯಾಕೆಟ್ಟಿನಲ್ಲಿ 850 ಗ್ರಾಂ, 800 ಗ್ರಾಂ ಬರುತ್ತಿದೆ. ಐದು ರೂಪಾಯಿ ಕಡಿಮೆ ಎಂದು ಖುಷಿಯಾಗಿ ತಂದರೆ ನೂರು ಗ್ರಾಂ ಎಣ್ಣೆ ಬಿಟ್ಟು ಬಂದಿರುತ್ತೀರಿ.

ಇದಕ್ಕೆ ಮದ್ದು ಪ್ಯಾಕೆಟ್ಟಿನ ಮೇಲೆಯೇ ಇದೆ. ಎಂಆರ್‌ಪಿ ಪಕ್ಕದಲ್ಲಿ ಯುಎಸ್‌ಪಿ ಎಂದು ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಅಂಕಿ ಇರುತ್ತದೆ. ಅದು ಒಂದು ಗ್ರಾಮಿಗೆ ಅಥವಾ ಒಂದು ಕೆ.ಜಿ.ಗೆ ಬೀಳುವ ಬೆಲೆ. 2011ರ ಪ್ಯಾಕೇಜ್ಡ್ ಕಮಾಡಿಟಿಸ್ ನಿಯಮಗಳಿಗೆ ತಿದ್ದುಪಡಿ ಆದ ಮೇಲೆ ಇದನ್ನು ಮುದ್ರಿಸುವುದು ಕಡ್ಡಾಯ. ಒಂದು ಕೆ.ಜಿ.ಗಿಂತ ಕಡಿಮೆ ಇರುವ ಪ್ಯಾಕೆಟ್ಟಿಗೆ ಗ್ರಾಂ ಲೆಕ್ಕ, ಜಾಸ್ತಿ ಇದ್ದರೆ ಕೆ.ಜಿ. ಲೆಕ್ಕ. ಅರ್ಧ ಕೆ.ಜಿ. ಪ್ಯಾಕೆಟ್ಟಿನ ಮೇಲೆ 0.34 ಎಂದಿದ್ದರೆ ಸಾವಿರದಿಂದ ಗುಣಿಸಿ: ಕೆ.ಜಿ.ಗೆ 340. ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಎಂದು ನಾನೂ ನಂಬಿದ್ದೆ. ಕಾಫಿಪುಡಿಯಲ್ಲಿ, ಬಿಸ್ಕತ್ತಿನಲ್ಲಿ ಎಷ್ಟೋ ಸಲ ಚಿಕ್ಕದೇ ಅಗ್ಗ ಬೀಳುತ್ತದೆ. ಕಣ್ಣಿಗೆ ಕಾಣದಿದ್ದರೆ ಫೋನಿನ ಕ್ಯಾಮೆರಾ ಹಿಡಿದು ದೊಡ್ಡದು ಮಾಡಿ ನೋಡಿ, ಸಂಕೋಚ ಬೇಡ.

ಇನ್ನೊಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಸೋಪು, ಟೂತ್‌ಪೇಸ್ಟ್, ಬಿಸ್ಕತ್ತಿನ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ, ತುಪ್ಪ, ಬೆಣ್ಣೆಯದು ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ತಯಾರಿಕೆಯ ತಾರೀಖಿರುವ ಬಿಸ್ಕತ್ತು, ತುಪ್ಪ ಇನ್ನೂ ಕಪಾಟಿನಲ್ಲಿ ಕಂಡರೆ ಎರಡು ಸಂಗತಿ ತಿಳಿಯುತ್ತದೆ. ಬೆಲೆ ಹಳೆಯದಿರಬಹುದು, ಸರಕಂತೂ ಹಳೆಯದೇ.

ಬಿಲ್ಲನ್ನು ಕೌಂಟರ್ ಬಿಡುವ ಮೊದಲೇ ನೋಡಿ. ಆಫರ್ ಇರುವ ಸಾಮಾನಿನ ಚೀಟಿಯನ್ನು ಫೋನಿನಲ್ಲಿ ಒಂದು ಫೋಟೋ ಹೊಡೆದುಕೊಂಡು ಹೋದರೆ ವಾದಕ್ಕೆ ಜಾಗವೇ ಇರುವುದಿಲ್ಲ. ಫೋಟೋ ತೋರಿಸಿದ ಮೇಲೆ ನನಗೆ ಎರಡು ಸಲ ಚೀಟಿಯ ಬೆಲೆಗೇ ಕೊಟ್ಟಿದ್ದಾರೆ.

ಶೆಟ್ಟರ ಅಂಗಡಿ

ನಮ್ಮ ಬೀದಿಯ ದಿನಸಿ ಅಂಗಡಿಯವರಿಗೆ ನಾವು ಯಾವ ಅಕ್ಕಿ ಉಣ್ಣುತ್ತೇವೆ ಎಂಬುದು ಗೊತ್ತು. "ಈ ಸಲದ್ದು ಹೊಸ ಅಕ್ಕಿ ಅಕ್ಕ, ಮುದ್ದೆ ಆಗುತ್ತೆ, ಎರಡು ವಾರ ತಡ್ಕೊಳ್ಳಿ, ಹಳೇದು ತರಿಸ್ತೀನಿ" ಎಂದು ಹೇಳುವ ಮಾತು ಯಾವ ಆ್ಯಪಿನಿಂದಲೂ ಬರುವುದಿಲ್ಲ. ಸೋನಾ ಮಸೂರಿ ಅಕ್ಕಿ, ಬೇಳೆ, ಕಡಲೆ, ಸಕ್ಕರೆ, ರವೆ, ಗೋಧಿ ಹಿಟ್ಟು – ಬಿಡಿಯಾಗಿ ತೂಗಿ ಕೊಡುವ ಸಾಮಾನಿಗೆ ನನ್ನ ಓಟು ಇಲ್ಲಿಗೇ. ಮೂಟೆ ವಾರದಲ್ಲಿ ಖಾಲಿಯಾಗುತ್ತದೆ, ಕೈಯಲ್ಲಿ ಹಿಡಿದು ಮೂಸಿ ನೋಡಬಹುದು. ಹುಳ ಸಿಕ್ಕಿದರೆ ಮಾತಿಲ್ಲದೆ ವಾಪಸ್ ತಗೊಳ್ಳುತ್ತಾರೆ, ಯಾಕೆಂದರೆ ನಾಳೆ ಬೆಳಿಗ್ಗೆ ಸಾಮಾನಿಗೆ ಮತ್ತೆ ನಾವೇ ಹೋಗಬೇಕಲ್ಲ, ಮುಖ ನೋಡಬೇಕಲ್ಲ.

ತೆರಿಗೆಯ ಲೆಕ್ಕವೂ ಇದೆ. ಪ್ಯಾಕ್ ಮಾಡಿ ಲೇಬಲ್ ಅಂಟಿಸಿದ ಅಕ್ಕಿ, ಬೇಳೆ, ಹಿಟ್ಟು 25 ಕೆ.ಜಿ.ವರೆಗೆ ಇದ್ದರೆ 2022ರ ಜುಲೈ 18ರಿಂದ ಶೇ 5 ಜಿಎಸ್‌ಟಿ ಬಂತು. ಬಿಡಿಯಾಗಿ ತೂಗಿ ಕೊಟ್ಟರೆ ಅದಿಲ್ಲ. 25 ಕೆ.ಜಿ. ದಾಟಿದ ಮೂಟೆಗೂ ಇಲ್ಲ. ಅಕ್ಕಿ ಅಂಗಡಿಯಲ್ಲಿ 26 ಕೆ.ಜಿ. ಮೂಟೆ ಯಾಕೆ ಬಂತು ಎಂದು ತಲೆ ಕೆಡಿಸಿಕೊಂಡವರಿಗೆ ಉತ್ತರ ಇದೇ.

ತೊಂದರೆ ಇಲ್ಲವೆಂದಲ್ಲ. ತೂಕದ ಮೇಲೆ ಕಣ್ಣಿರಲಿ. ತಕ್ಕಡಿ ಅನುಮಾನ ಬಂದರೆ ಒಂದು ಕೆ.ಜಿ. ಉಪ್ಪಿನ ಪ್ಯಾಕೆಟ್ ಎತ್ತಿ ಅದರ ಮೇಲಿಡಿ. ಒಂದು ಕೆ.ಜಿ. ಮೇಲೆ ಕವರಿನ ನಾಲ್ಕೈದು ಗ್ರಾಂ ತೋರಿಸಬೇಕು. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಇಟ್ಟರೆ 515 ಗ್ರಾಮಿನ ಆಸುಪಾಸು ಬರಬೇಕು, ಹಾಲು ನೀರಿಗಿಂತ ತುಸು ಭಾರ. ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಪರೀಕ್ಷೆ ಮಾಡಿ ಮುದ್ರೆ ಹಾಕಿರುತ್ತಾರೆ, ಆ ಸರ್ಟಿಫಿಕೇಟು ಅಂಗಡಿಯಲ್ಲಿ ಕಾಣುವ ಹಾಗೆ ಇರಬೇಕು.

ಹಾಲಿನ ಪ್ಯಾಕೆಟ್ಟಿಗೆ "ಫ್ರಿಜ್ ಚಾರ್ಜು" ಎಂದು ಒಂದು ರೂಪಾಯಿ ಮೇಲೆ ಕೇಳುವುದು ಬೆಂಗಳೂರಿನ ಬೀದಿ ಬೀದಿಯ ಕಥೆ. ಎಂಆರ್‌ಪಿ ಎಂದರೆ ಎಲ್ಲ ತೆರಿಗೆಯೂ ಸೇರಿದ ಗರಿಷ್ಠ ಬೆಲೆ, ಅದರ ಮೇಲೆ ಒಂದು ಪೈಸೆ ಪಡೆದರೂ ಕಾನೂನಿಗೆ ವಿರುದ್ಧ. ದಿನಕ್ಕೆ ಎರಡು ಪ್ಯಾಕೆಟ್ ತರುವ ಮನೆಗೆ ವರ್ಷಕ್ಕೆ 730 ರೂಪಾಯಿ ಆಯಿತು. ನಾನು ಜಗಳವಾಡಲಿಲ್ಲ, ಬೆಳಿಗ್ಗೆ ಆರೂವರೆಗೆ ನಂದಿನಿ ಬೂತಿಗೆ ನಡೆದು ಹೋಗತೊಡಗಿದೆ.

ಸೋಪು, ಶಾಂಪೂ, ಬೇರೆ ಬೇರೆ ಕಂಪನಿಯ ಮಸಾಲೆ ಪುಡಿ ಇಲ್ಲಿ ಎಂಆರ್‌ಪಿಗೇ ಸಿಗುತ್ತವೆ, ಅಪರೂಪಕ್ಕೆ ಖರ್ಚಾಗುವ ಪ್ಯಾಕೆಟ್ಟುಗಳ ಮೇಲೆ ದೂಳೂ ಕೂತಿರುತ್ತದೆ. ಅವು ಇಲ್ಲಿ ಬೇಡ.

ಆ್ಯಪು: ಹತ್ತು ನಿಮಿಷದ ಅನುಕೂಲ

ಮಗುವಿಗೆ ಜ್ವರ, ಹೊರಗೆ ಮಳೆ, ಮನೆಯಲ್ಲಿ ಮೊಸರಿಲ್ಲ. ಅಂಥ ಹೊತ್ತಿಗೆ ಆ್ಯಪು ದೊಡ್ಡ ಉಪಕಾರ, ಸುಳ್ಳು ಹೇಳಬಾರದು. ಮಂಡಿನೋವಿನ ನಮ್ಮತ್ತೆಯಂಥವರಿಗೆ ಅದು ಅನುಕೂಲಕ್ಕಿಂತ ಹೆಚ್ಚಿನದು. ಕೆಟ್ಟ ಟೊಮೇಟೊ ಬಂದರೆ ಫೋಟೋ ಕಳಿಸಿದ ಹತ್ತು ನಿಮಿಷಕ್ಕೆ ದುಡ್ಡು ವಾಪಸ್ ಬಂದದ್ದೂ ಉಂಟು. ಈ ವಿಷಯದಲ್ಲಿ ನಮ್ಮ ಬಡಾವಣೆಯ ಆ ಅಂಗಡಿಗಿಂತ ಆ್ಯಪೇ ಮೇಲು.

ಆದರೆ ಸಾಮಾನಿನ ಬೆಲೆ ನೋಡಿ ತೀರ್ಮಾನಿಸಬೇಡಿ, ಕೊನೆಯ ಪರದೆ ನೋಡಿ. ಡೆಲಿವರಿ ಚಾರ್ಜು, ಹ್ಯಾಂಡ್ಲಿಂಗ್ ಚಾರ್ಜು, ಆರ್ಡರ್ ಚಿಕ್ಕದು ಎಂದು ಇನ್ನೊಂದು ಚಾರ್ಜು, ಮಳೆ ಬಂದರೆ ಅದಕ್ಕೊಂದು. 60 ರೂಪಾಯಿಯ ಕೊತ್ತಂಬರಿ, ಹಸಿಮೆಣಸಿನಕಾಯಿಗೆ ಮೇಲೆ 40 ಕೊಟ್ಟ ದಿನ ನಮ್ಮ ಮನೆಯಲ್ಲೂ ಬಂದಿದೆ. ಕೇಳದೆ ಬುಟ್ಟಿಗೆ ಏನನ್ನಾದರೂ ಸೇರಿಸುವುದು, ಬಚ್ಚಿಟ್ಟ ಚಾರ್ಜನ್ನು ಕೊನೆಯ ಕ್ಷಣದಲ್ಲಿ ತೋರಿಸುವುದು – ಇಂಥ 13 ಬಗೆಯ ಕಣ್ಕಟ್ಟುಗಳನ್ನು "ಡಾರ್ಕ್ ಪ್ಯಾಟರ್ನ್" ಎಂದು ಹೆಸರಿಸಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ನಿಷೇಧಿಸಿದೆ. ಕಂಡರೆ ಸ್ಕ್ರೀನ್‌ಶಾಟ್ ತೆಗೆದಿಡಿ.

ತಾರೀಖು ನಿಮ್ಮ ಕಣ್ಣಿಗೆ ಬೀಳುವುದು ಸಾಮಾನು ಬಾಗಿಲಿಗೆ ಬಂದ ಮೇಲೆಯೇ, ಇದು ಇಲ್ಲಿನ ದೊಡ್ಡ ಕೊರತೆ. ಕೊಡುವ ಹೊತ್ತಿಗೆ ಆಹಾರದ ಬಾಳಿಕೆಯಲ್ಲಿ ಶೇ 30 ಭಾಗವಾದರೂ ಉಳಿದಿರಬೇಕು, ಇಲ್ಲವೇ ಮುಗಿಯಲು 45 ದಿನವಾದರೂ ಇರಬೇಕು ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2024ರ ನವೆಂಬರ್‌ನಲ್ಲಿ ಈ ಕಂಪನಿಗಳಿಗೆ ಹೇಳಿದೆ. ಬ್ಯಾಗ್ ಬಿಚ್ಚಿದ ಕೂಡಲೇ ತಾರೀಖು ನೋಡುವುದು ರೂಢಿ ಮಾಡಿಕೊಳ್ಳಿ. ವಾರದ ಮೇಲೆ ದೂರಿದರೆ ಕೇಳುವವರಿರುವುದಿಲ್ಲ.

ತಿಂಗಳ ಸಾಮಾನಿಗೆ ನಾನು ಆ್ಯಪು ಬಳಸುವುದಿಲ್ಲ. ಬೆರಳ ತುದಿಯಲ್ಲಿದ್ದಷ್ಟೂ ಬೇಡದ್ದು ಜಾಸ್ತಿ ಬರುತ್ತದೆ ಎನ್ನುವುದನ್ನು ನಮ್ಮ ಬಿಲ್ಲುಗಳೇ ಹೇಳಿದವು.

ತರಕಾರಿ ಬೇರೆಯದೇ ಲೆಕ್ಕ

ತರಕಾರಿಗೆ ನನ್ನ ಮೊದಲ ಆಯ್ಕೆ ಹಾಪ್‌ಕಾಮ್ಸ್. ತೋಟಗಾರಿಕೆ ಇಲಾಖೆಯ ಎಂ.ಎಚ್. ಮರಿಗೌಡರ ಮುತುವರ್ಜಿಯಲ್ಲಿ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಸಂಸ್ಥೆ ಅದು. ರೈತರಿಂದಲೇ ಕೊಳ್ಳುತ್ತದೆ, ಆ ದಿನದ ಬೆಲೆಯನ್ನು ಬೋರ್ಡಿನ ಮೇಲೆ ಬರೆದಿಡುತ್ತದೆ. ಚೌಕಾಸಿ ಇಲ್ಲ, ಅನುಮಾನವೂ ಇಲ್ಲ. ಬೇರೆ ಎಲ್ಲಿ ಕೊಳ್ಳುವವರಿಗೂ ಆ ಬೋರ್ಡು ಒಂದು ಅಳತೆಗೋಲು: ಬೀನ್ಸಿಗೆ ಅಲ್ಲಿ ಎಷ್ಟಿದೆ ಎಂದು ನೋಡಿಕೊಂಡು ಹೋದರೆ ತಳ್ಳುಗಾಡಿಯವರು ಹೇಳುವ ಬೆಲೆ ಸರಿಯೋ ಅಲ್ಲವೋ ತಿಳಿಯುತ್ತದೆ. ಬೆಳಿಗ್ಗೆ ಹೋಗಬೇಕು, ಸಂಜೆಗೆ ಬಾಡಿದ ಸೊಪ್ಪು, ಆರಿಸಿ ಉಳಿದ ಬದನೆಕಾಯಿ ಮಾತ್ರ ಇರುತ್ತವೆ. ಮಳಿಗೆಗಳು ಇನ್ನಷ್ಟು ಚೊಕ್ಕವಾಗಿ ನಡೆಯಬೇಕು ಎಂಬ ಆಸೆ ನನಗೂ ಇದೆ.

ಸೊಪ್ಪಿಗೆ ಮಾತ್ರ ಬೆಳಗಿನ ತಳ್ಳುಗಾಡಿಯೇ. ಸೂಪರ್‌ಮಾರ್ಕೆಟ್‌ನಲ್ಲಿ ಸೊಪ್ಪಿನ ಮೇಲೆ ನೀರು ಚಿಮುಕಿಸಿ ಇಟ್ಟಿರುತ್ತಾರೆ. ಹೊಳೆಯುತ್ತದೆ, ಮನೆಗೆ ತಂದು ಫ್ರಿಜ್ಜಿನಲ್ಲಿಟ್ಟರೆ ಮಾರನೆಯ ದಿನ ನಡುವಿನ ಎಲೆಗಳು ಕೊಳೆತು ಕೈಗಂಟುತ್ತವೆ. ಕಟ್ಟಿನ ಹೊರಗಡೆ ನೋಡಬೇಡಿ, ದಾರ ಕಟ್ಟಿರುವ ಜಾಗದಲ್ಲಿ ಬೆರಳಿಟ್ಟು ನೋಡಿ. ಅಲ್ಲಿ ಬಿಸಿ ತಟ್ಟಿದರೆ, ಲೋಳೆ ಹತ್ತಿದರೆ ಬಿಟ್ಟುಬಿಡಿ.

ವರ್ಷದ ಸಾಮಾನಿಗೆ ತರಗುಪೇಟೆ

ನಮ್ಮಜ್ಜಿಯ ಕಾಲದಲ್ಲಿ ಬೇಸಿಗೆ ಬಂತೆಂದರೆ ತಾರಸಿಯ ತುಂಬ ಮೆಣಸಿನಕಾಯಿ, ಹುಣಸೆಹಣ್ಣು. ಆ ಪದ್ಧತಿಗೆ ಕಾರಣವಿತ್ತು. ತೊಗರಿ ಕಲಬುರಗಿ ಕಡೆಯಿಂದ ಡಿಸೆಂಬರ್, ಜನವರಿಯಿಂದ ಮಾರುಕಟ್ಟೆಗೆ ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿಗೂ ಅದೇ ಸುಗ್ಗಿ, ಹುಣಸೆ ಅದರ ಬೆನ್ನಿಗೆ. ಮಾಲು ಹೆಚ್ಚು ಬಂದಾಗ ಕೊಂಡವರಿಗೆ ಹೊಸತೂ ಸಿಗುತ್ತದೆ, ಅಗ್ಗವೂ ಬೀಳುತ್ತದೆ.

ಬೆಂಗಳೂರಿನಲ್ಲಿ ಇದಕ್ಕೆ ತರಗುಪೇಟೆ, ಯಶವಂತಪುರದ ಯಾರ್ಡು, ಮೈಸೂರಿನಲ್ಲಿ ಸಂತೇಪೇಟೆ, ಎಲ್ಲವೂ ಸಗಟು ಮಾರುಕಟ್ಟೆಗಳು. ಒಂದು ಮನೆಗೆ 25 ಕೆ.ಜಿ. ಬೇಳೆ ಹೆಚ್ಚಾಯಿತು, ಆದರೆ ನಾಲ್ಕು ಮನೆಗೆ ಸರಿಹೋಗುತ್ತದೆ. ನಮ್ಮ ಕಟ್ಟಡದಲ್ಲಿ ನಾಲ್ಕು ಮನೆಯವರು ಸೇರಿ ಸಂಕ್ರಾಂತಿ ಆದ ಮೇಲೆ ಒಂದು ಸಲ ಹೋಗಿ ಬಂದೆವು. ಆಟೋ ಬಾಡಿಗೆ ಹಂಚಿಕೊಂಡರೂ ಕೆ.ಜಿ.ಗೆ ಉಳಿದದ್ದು ಕಣ್ಣಿಗೆ ಕಂಡಿತು. ಅದಕ್ಕಿಂತ ಬೇಳೆಯ ಬಣ್ಣ ನೋಡಿಯೇ ಸಂತೋಷವಾಯಿತು, ಕುದಿಯುವಾಗಿನ ಪರಿಮಳವೇ ಬೇರೆ.

ಶೇಖರಿಸಿಡಲು ಬಾರದಿದ್ದರೆ ಮಾತ್ರ ಈ ದಾರಿ ಹಿಡಿಯಬೇಡಿ. ಬೇಳೆಯನ್ನು ಬಿಸಿಲಿಗೆ ಹರವಿ, ಪೂರ್ತಿ ಆರಿದ ಮೇಲೆ ಅಂಗೈಗೆ ಹರಳೆಣ್ಣೆ ಹಾಕಿಕೊಂಡು ಸವರಿ, ಒಣಗಿದ ಡಬ್ಬಕ್ಕೆ ತುಂಬಬೇಕು. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರು ಕಟ್ಟುತ್ತದೆ. ಒಂದು ಕೋಣೆಯ ಮನೆಯವರಿಗೆ, ತಾರಸಿ ಇಲ್ಲದವರಿಗೆ ಶೆಟ್ಟರ ಅಂಗಡಿಯ ಎರಡೆರಡು ಕೆ.ಜಿ.ಯೇ ಸರಿ. ರವೆ, ಮೈದಾ, ಹಿಟ್ಟನ್ನಂತೂ ಯಾರೂ ಸಗಟಾಗಿ ತರಬಾರದು.

"ವಾಪಸ್ ಇಲ್ಲ" ಎಂದರೆ

ಎಲ್ಲೇ ಕೊಂಡರೂ ಬಿಲ್ಲು ಪಡೆಯಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಿಲ್ಲು ಕೊಡದಿರುವುದನ್ನೇ ಅನುಚಿತ ವ್ಯಾಪಾರ ಎನ್ನುತ್ತದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ ವಾಪಸ್ ಪಡೆಯಲು ನಿರಾಕರಿಸುವುದೂ ಅನುಚಿತ ವ್ಯಾಪಾರವೇ. ಗೋಡೆಯ ಬೋರ್ಡಿನಿಂದ ಕಾನೂನು ಬದಲಾಗುವುದಿಲ್ಲ. ಬಿಲ್ ಹಾಕಲು ಫೋನ್ ನಂಬರ್ ಕೊಡಲೇಬೇಕು ಎಂದು ಒತ್ತಾಯಿಸಬಾರದು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇನಲ್ಲಿ ಅಂಗಡಿಗಳಿಗೆ ಸೂಚಿಸಿದೆ. "ನಂಬರ್ ಕೊಡಲ್ಲಪ್ಪ, ಬಿಲ್ ಹಾಕು" ಎಂದರೆ ಸಾಕು, ಬಿಲ್ಲು ಬಂದೇ ಬರುತ್ತದೆ. ಚಿಲ್ಲರೆ ಬದಲು ಚಾಕೊಲೇಟ್ ಕೊಟ್ಟರೆ ಬೇಡ ಎನ್ನಿ.

ಮಾತಿಗೆ ಬಗ್ಗದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಆಹಾರ ಕೆಟ್ಟಿದ್ದರೆ ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪಿನಲ್ಲಿ ಫೋಟೋ ಸಮೇತ ದೂರು ಕೊಡಬಹುದು, ಪ್ಯಾಕೆಟ್ಟಿನ ಮೇಲಿನ 14 ಅಂಕಿಯ ಲೈಸೆನ್ಸ್ ನಂಬರ್ ಕೈಯಲ್ಲಿರಲಿ. ಇನ್ನೂ ಮುಂದೆ ಹೋಗುವುದಾದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಹಾಕಬೇಕು.

ಹುಳದ ರವೆಯ ಪ್ಯಾಕೆಟ್ಟನ್ನು ನಾನು ಎಸೆದಿರಲಿಲ್ಲ. ಜಿಪ್ ಕವರಿಗೆ ಹಾಕಿ ಬಿಲ್ಲಿನ ಜೊತೆ ಇಟ್ಟಿದ್ದೆ. ಮುಂದೊಂದು ಬುಧವಾರ ಬೆಳಿಗ್ಗೆ, 30 ದಿನ ಮುಗಿಯುವ ಮೊದಲೇ, ಅಂಗಡಿ ಖಾಲಿ ಇದ್ದ ಹೊತ್ತಿನಲ್ಲಿ ಹೋಗಿ ಮ್ಯಾನೇಜರ್‌ ಮುಂದೆ ಕವರ್ ಇಟ್ಟು, 30 ದಿನದ ಮಾತನ್ನು ದನಿ ಏರಿಸದೆ ಹೇಳಿದೆ. ಅವರು ಒಂದು ಗಳಿಗೆ ಕವರ್ ನೋಡಿ, ಹುಡುಗನನ್ನು ಕರೆದು, ಕಪಾಟಿನಲ್ಲಿದ್ದ ಅದೇ ಬ್ಯಾಚಿನ ರವೆಯನ್ನೆಲ್ಲ ಕೆಳಗಿಳಿಸಲು ಹೇಳಿದರು. ಹದಿನೇಳು ಪ್ಯಾಕೆಟ್ ಇತ್ತು. ನನ್ನ ದುಡ್ಡು ಎಣಿಸಿ ಕೊಟ್ಟರು. ಸೋಪು, ಎಣ್ಣೆಗೆ ಈಗಲೂ ಅಲ್ಲಿಗೇ ಹೋಗುತ್ತೇನೆ, ಬುಧವಾರ ಬೆಳಿಗ್ಗೆ. ಚಿರೋಟಿ ರವೆ ಮಾತ್ರ ಶೆಟ್ಟರ ಅಂಗಡಿಯಿಂದ, ಸಲಕ್ಕೆ ಅರ್ಧ ಕೆ.ಜಿ.